ಒಳಚಿಲಕ

ಮೊದಲನೇ ಕತ್ತರಿ ಬೊಮ್ಮಕ್ಕನ ತಲೆಯ ಮೇಲೆ ಮುರಿಯಿತು. ಹಿಡಿಯ ಹತ್ತಿರ ಕಟಕ್ಕೆಂದು ತುಂಡಾಗಿ, ಅರ್ಧ ಭಾಗ ಅವಳ ಮಡಿಲಿಗೇ ಬಿತ್ತು.

"ಮುರೀತಾ? ಮುರೀಲಿ! ನಿನ್ನ ಕೈನೂ ಹಂಗೇ ಮುರೀಲಿ!" ಬೊಮ್ಮಕ್ಕ ಕೂಗಿದ ಕೂಗಿಗೆ ಚನ್ನಗಿರಿ ಬಸ್ ನಿಲ್ದಾಣದಲ್ಲಿ ಹೊನ್ನಾಳಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಚೀಲ ಬಿಟ್ಟು ಹಿಂಬದಿಗೆ ಬಂದು ನಿಂತರು.

ಪುರಸಭೆಯಲ್ಲಿ ಕಸ ಗುಡಿಸುವ ದ್ಯಾಮಮ್ಮ, ಗಿಡ್ಡಮ್ಮ ಇಬ್ಬರೂ ಅವಳ ಎರಡು ತೋಳು ಹಿಡಿದು ಕೂತಿದ್ದರು. ಹಿಡಿಯದಿದ್ದರೆ ಮೇಲಿನವರು ಸುಮ್ಮನಿರುವುದಿಲ್ಲ, ಹಿಡಿದರೆ ಅವಳ ಜಡೆಯಲ್ಲಿರುವ ಅಮ್ಮನವರು ಸುಮ್ಮನಿರುವುದಿಲ್ಲ. ಹಾಗಾಗಿ ಇಬ್ಬರೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹಿಡಿದಿದ್ದರು. ಕ್ಷೌರದ ಓಂಕಾರ್ ಅವರಿಗಿಂತ ಜಾಣ. ಪೆಟ್ಟಿಗೆ ಇಳಿಸಿ, ಅವಳ ತಲೆ ನೋಡಿ, ಮತ್ತೆ ಪೆಟ್ಟಿಗೆ ಎತ್ತಿಕೊಂಡಿದ್ದ. "ಬ್ಯಾಡ ಕಲ್ಲೇಶಣ್ಣ. ನಂಗೆ ಹೆಂಡ್ತಿ ಮಕ್ಕಳದಾರೆ" ಎಂದು ಹೇಳಿ ಹೊರಟೇಹೋಗಿದ್ದ.

ಕಲ್ಲೇಶ ಬಿಡುವವನಲ್ಲ, ಕತ್ತರಿಯನ್ನು ತಾನೇ ಹಿಡಿದಿದ್ದ. ಅಡಿಕೆ ಮಂಡಿ ನಾಗೇಂದ್ರಪ್ಪನವರ ಒಬ್ಬನೇ ಮಗ, ಓದಿದವನು, ಮೂವತ್ತರ ಆಸುಪಾಸು. ಸೂರಿಲ್ಲದವರನ್ನು ಹುಡುಕಿ, ಕ್ಷೌರ ಮಾಡಿಸಿ, ಸ್ನಾನ ಮಾಡಿಸಿ, ಆಸ್ಪತ್ರೆ ತೋರಿಸಿ, ಕೆಲಸಕ್ಕೆ ಹಚ್ಚುವ ಒಂದು ಬಳಗ ಕಟ್ಟಿಕೊಂಡಿದ್ದ. ಅಷ್ಟನ್ನೂ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ತೋರಿಸುತ್ತಿದ್ದ. ಜಗಳೂರಿನ ಕಡೆಯ ಕುರಿಗಾರರು ಕೆರೆಯ ಹಿಂದಿನ ಬೀಳಿನಲ್ಲಿ ಇಳಿದಿದ್ದರು. ಬಳಗದ ಒಬ್ಬ ಬೈಕಿನಲ್ಲಿ ಹೋಗಿ ಅವರಿಂದ ಉಣ್ಣೆ ಕತ್ತರಿಸುವ ಕತ್ತರಿ ಕೊಂಡು ತಂದ. ಅದರ ಕರಕ್ ಕರಕ್ ಸದ್ದು ಕೇಳಿದ್ದೇ ಬೊಮ್ಮಕ್ಕನಿಗೆ ಇನ್ನು ಆಟ ಮುಗಿಯಿತೆಂದು ಗೊತ್ತಾಯಿತು. ಬಿಳಿಚೋಡಿನ ಕುರಿಹಟ್ಟಿಯಲ್ಲಿ ಹುಟ್ಟಿದವಳು ಅವಳು. ಆ ಕತ್ತರಿಗೆ ಬಗ್ಗದ ಕೂದಲಿಲ್ಲ.

"ಸ್ನೇಹಿತರೇ, ಇಂದಿನ ಕಾಲದಲ್ಲೂ ಒಬ್ಬ ತಾಯಿ ಮೂಢನಂಬಿಕೆಗೆ ಸಿಕ್ಕಿ, ಸೂರಿಲ್ಲದೆ, ಹೇನಿನ ಹುಣ್ಣು ಹೊತ್ತುಕೊಂಡು ಬದುಕುತ್ತಿದ್ದಾರೆ" ಎಂದು ಕಲ್ಲೇಶ ಮೊಬೈಲಿಗೆ ಶುದ್ಧ ಕನ್ನಡದಲ್ಲಿ ಹೇಳಿದ. ಆಮೇಲೆ ಬಗ್ಗಿ, ಅವಳಿಗೆ ಮಾತ್ರ ಕೇಳುವ ಹಾಗೆ, "ಒಂದೈದು ನಿಮಿಷ ಸುಮ್ನಿರಮ್ಮ, ನಿನ್ನ ಒಳ್ಳೇದಕ್ಕೇ ಮಾಡಾಕೆ ಬಂದಿರೋದು" ಎಂದ.

"ನಿನ್ನ ಒಳ್ಳೇದು ನಿಮ್ಮವ್ವಗೆ ಮಾಡು ಹೋಗಲೇ!"

ಜಡೆ ಕೆಳಗೆ ಬಿದ್ದಾಗ ತೇವದ ಹಗ್ಗ ಬಿದ್ದಂತೆ ಸದ್ದಾಯಿತು. ಮೊಣಕಾಲುದ್ದದ್ದು, ತೋಳಿನಷ್ಟು ದಪ್ಪ, ಅರಿಶಿನ ಕುಂಕುಮ ಮೆತ್ತಿದ್ದು. ದ್ಯಾಮಮ್ಮ ಕಣ್ಣು ಬಿಟ್ಟು ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ತಪ್ಪಾತು ನಮ್ಮವ್ವ, ಹೊಟ್ಟೆಪಾಡು, ತಪ್ಪಾತು" ಎಂದು ನೆಲಕ್ಕೆ ಹಣೆ ಹಚ್ಚಿದಳು. ಕಲ್ಲೇಶ ಜಡೆಯನ್ನು ಪ್ಲಾಸ್ಟಿಕ್ ಕವರಿಗೆ ತುಂಬಿದ. ಬೊಮ್ಮಕ್ಕ ಕೈಯೆತ್ತಿ ತಲೆ ಮುಟ್ಟಿ ನೋಡಿಕೊಂಡಳು. ಎಂಟು ವರ್ಷದಿಂದ ಗಾಳಿ ಮುಟ್ಟದಿದ್ದ ತಲೆ ತಣ್ಣಗಿತ್ತು. ಸುತ್ತ ನಿಂತ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಎಂಟು ವರ್ಷದಿಂದ ಅವಳ ಮುಖ ಕಂಡರೆ ಕಣ್ಣು ತಗ್ಗಿಸುತ್ತಿದ್ದವರು ಈಗ ಯಾರೂ ತಗ್ಗಿಸಲಿಲ್ಲ.

ಈ ಸೀಮೆಯಲ್ಲಿ ಹೆಣ್ಣಿನ ತಲೆಯ ಕೂದಲು ತಾನಾಗಿ ಗಂಟುಗಟ್ಟಿ ಜಡೆಯಾಗಿ ಇಳಿದರೆ ಅಮ್ಮನವರು ಮೈಮೇಲೆ ಬಂದು ಕೂತಿದ್ದಾರೆ ಎಂದರ್ಥ. ಅದನ್ನು ಬಾಚುವ ಹಾಗಿಲ್ಲ, ಕತ್ತರಿಸುವ ಹಾಗಿಲ್ಲ, ಹೊತ್ತವಳ ಮೈ ಮುಟ್ಟುವ ಹಾಗಂತೂ ಇಲ್ಲವೇ ಇಲ್ಲ. ನಿಜ ಹೇಳಬೇಕೆಂದರೆ ಬೊಮ್ಮಕ್ಕನ ಜಡೆಯಲ್ಲಿ ದೇವರಿರಲಿಲ್ಲ. ಹುಣಸೆ ಬೀಜ ಇತ್ತು.

ಅವಳ ಗಂಡ ಬಿಳಿಚೋಡಿನಲ್ಲಿ ಕಂಬಳಿ ನೇಯುತ್ತಿದ್ದ. ಹುಣಸೆ ಬೀಜ ಹುರಿದು, ಕುಟ್ಟಿ, ನೆನೆಸಿ, ಬೇಯಿಸಿ, ಆ ಅಂಟನ್ನು ಮಗ್ಗದ ನೂಲಿಗೆ ಹಚ್ಚಿ ಬಿಸಿಲಿಗೆ ಒಣಗಿಸುವುದು ಅವಳ ಕೆಲಸ. ಅಂಟು ಕುಡಿದ ನೂಲು ತಂತಿಯಂತಾಗುತ್ತಿತ್ತು. ಗಂಡ ಸತ್ತ ವರ್ಷವೇ ಮೈದುನರು ಮಗ್ಗ ಕಿತ್ತು ಹಾಕಿ, ಆ ಜಾಗದಲ್ಲಿ ದನ ಕಟ್ಟಿದರು. ಅವಳು ಅಡಿಕೆ ಸುಲಿಯುವ ಹೆಂಗಸರ ಜೊತೆ ಚನ್ನಗಿರಿಗೆ ಬಂದಳು. ಸುಗ್ಗಿ ಮುಗಿದು ಹೆಂಗಸರು ಟೆಂಪೋ ಹತ್ತಿದಾಗ ಅವಳಿಗೆ ಇಳಿಯಲು ಊರಿರಲಿಲ್ಲ, ಹಾಗಾಗಿ ಹತ್ತಲೂ ಇಲ್ಲ.

ಬಸ್ ನಿಲ್ದಾಣದ ಮೊದಲ ತಿಂಗಳನ್ನು ಅವಳು ಯಾರಿಗೂ ಹೇಳಿದವಳಲ್ಲ. ನಿದ್ದೆ ಹತ್ತಿದ ಕೂಡಲೇ ಮೈಮೇಲೆ ಕೈ. ಕೂಗಿದರೆ ಕೈ ಹೋಗುತ್ತಿತ್ತು, ನಿದ್ದೆಯೂ ಹೋಗುತ್ತಿತ್ತು. ಬೆಳಿಗ್ಗೆ ಯಾರಿಗಾದರೂ ಹೇಳಿದರೆ "ಅಲ್ಲ, ನೀನ್ಯಾಕೆ ಇಲ್ಲಿ ಮಲಗಾಕೆ ಹೋಗಿದ್ದೆ?" ಎಂದು ಅವಳನ್ನೇ ಕೇಳುತ್ತಿದ್ದರು. ಥೂ ನಿಮ್ಮ ಜನ್ಮಕ್ಕೆ, ಮಲಗಲು ಅರಮನೆ ಇಟ್ಟುಕೊಂಡು ಇಲ್ಲಿಗೆ ಬಂದಿದ್ದಳೇ ಅವಳು? ಆಗ ಅವಳಿಗೆ ಸಣ್ಣವಳಿದ್ದಾಗ ಹಟ್ಟಿಗೆ ಬರುತ್ತಿದ್ದ ಜಡೆಯ ಮುದುಕಿಯೊಬ್ಬಳ ನೆನಪಾಯಿತು. ಆ ಮುದುಕಿ ಬಂದರೆ ಹಟ್ಟಿಯ ಯಜಮಾನನೇ ದಾರಿ ಬಿಟ್ಟು ನಿಲ್ಲುತ್ತಿದ್ದ. ಬೊಮ್ಮಕ್ಕ ಹೋಟೆಲಿನ ಹಿಂದೆ ಬಿದ್ದ ಹುಣಸೆ ಬೀಜ ಆರಿಸಿದಳು, ಅವರದೇ ಆರಿದ ಒಲೆಯ ಕೆಂಡದಲ್ಲಿ ಹುರಿದಳು. ಮೂರು ತಿಂಗಳು ಅಂಟು, ಬೂದಿ, ಅರಿಶಿನ ಎಲ್ಲ ತಲೆಗೆ ತಿಕ್ಕಿದಳು. ಅಲ್ಲಿಂದ ಮುಂದೆ ಕುಡಿದು ತೂರಾಡುತ್ತ ಬಂದವನೂ ಜಡೆ ಕಂಡ ಕೂಡಲೇ ಚಪ್ಪಲಿ ಬಿಟ್ಟು ಕೈ ಮುಗಿದು ಹಿಂದೆ ಸರಿಯುತ್ತಿದ್ದ. ಆದರೂ ಗೋಡೆಗೆ ಬೆನ್ನು ಕೊಟ್ಟು, ಮುಖ ಹೊರಗೆ ಹಾಕಿಯೇ ಅವಳು ಮಲಗುತ್ತಿದ್ದಳು. ಆ ಅಭ್ಯಾಸ ಬಿಡಲಿಲ್ಲ.

ಪ್ರತಿ ಮಂಗಳವಾರ ಮತ್ತು ಶುಕ್ರವಾರ ಕಲ್ಲೇಶನ ತಾಯಿ ಸರ್ವಮಂಗಳಮ್ಮ ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ ತಂದು, ಕಾಲಿಗೆ ನೀರು ಹಾಕಿ, ಕುಂಕುಮ ಹಚ್ಚಿ ಹೋಗುತ್ತಿದ್ದರು. ಆ ಮೊಸರನ್ನ ಉಂಡೇ ಬೊಮ್ಮಕ್ಕ ಎಂಟು ವರ್ಷ ಬದುಕಿದ್ದು. ಸುಳ್ಳು ಹೇಳಿ ಉಂಡೆ ಎಂದು ಅವಳಿಗೆ ಒಂದು ದಿನವೂ ನಾಚಿಕೆಯಾಗಿರಲಿಲ್ಲ.

ಜಡೆ ಹೋದ ಬುಧವಾರವೇ ಬಳಗದವರು ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ರಕ್ತ ಕಡಿಮೆ ಇದೆ ಎಂದರು, ಮಾತ್ರೆ ಕೊಟ್ಟರು, ನೆತ್ತಿಯ ಹುಣ್ಣಿಗೆ ಮುಲಾಮು ಹಚ್ಚಿದರು. ಹುಣ್ಣಿನ ಉರಿ ಅಂದೇ ಅರ್ಧ ಇಳಿಯಿತು, ಅದಕ್ಕೆ ಮಾತ್ರ ಅವಳು ಏನೂ ಬೈಯಲಿಲ್ಲ. ಹೊಸ ಸೀರೆ ಉಡಿಸಿದರು. ಸಂಜೆಯ ಹೊತ್ತಿಗೆ ಪುರಸಭೆಯ ಹಳೇ ಕಟ್ಟಡಕ್ಕೆ ಕರೆತಂದರು. ಸೂರಿಲ್ಲದವರ ವಸತಿ ಕೇಂದ್ರ ಎಂದು ಹೊಸ ಬೋರ್ಡು, ಹೊಸ ಬಣ್ಣ. ಗಂಡಸರ ಕೋಣೆಯಲ್ಲಿ ಆಗಲೇ ನಾಲ್ಕು ಜನ ಇದ್ದರು. ಹೆಂಗಸರ ಕೋಣೆಗೆ ಅವಳೇ ಮೊದಲನೆಯವಳು. ಸೋಮವಾರ ಉದ್ಘಾಟನೆ.

ಕೇಂದ್ರದ ಮೇಲ್ವಿಚಾರಕಿ ಗಂಗೋತ್ರಿ ಚಿಕ್ಕ ವಯಸ್ಸಿನವಳು, ಕೈಯಲ್ಲಿ ಯಾವಾಗಲೂ ಒಂದು ರಿಜಿಸ್ಟರು. "ನೋಡಿ ಅಮ್ಮ, ಆರು ಮಂಚ. ಫ್ಯಾನು. ಬಿಸಿನೀರು ಬೇರೆ ಐತೆ. ಸೋಮವಾರ ಆದ ಮೇಲೆ ಕಲ್ಲೇಶ್ ಅವ್ರ ಮಂಡೀಲಿ ಅಡಿಕೆ ಆರಿಸೋ ಕೆಲಸ. ಆರು ತಿಂಗಳು ಬಿಟ್ಟು ಬಾಡಿಗೆ ಮನೇನೂ ನೋಡಿ ಕೊಡ್ತಾರಂತೆ."

ಬೊಮ್ಮಕ್ಕ ಮಂಚ ನೋಡಲಿಲ್ಲ, ಫ್ಯಾನು ನೋಡಲಿಲ್ಲ. ಬಾಗಿಲು ನೋಡಿದಳು. ಹೊರಗಡೆ ಬೀಗದ ಕೊಂಡಿ ಹೊಸದಾಗಿ ಹೊಳೆಯುತ್ತಿತ್ತು. ಒಳಗಡೆ ಚಿಲಕ ಇದ್ದ ಜಾಗದಲ್ಲಿ ನಾಲ್ಕು ತೂತು. ಚಿಲಕ ಹೋಗಿ ಕೂರುವ ಕಬ್ಬಿಣದ ಬಳೆ ಮಾತ್ರ ಚೌಕಟ್ಟಿನಲ್ಲಿ ಹಾಗೇ ಉಳಿದಿತ್ತು.

"ಇದರ ಚಿಲಕ ಎಲ್ಲಿ?"

"ತೆಗೆಸಿದೀವಿ ಅಮ್ಮ. ಒಳಗಿಂದ ಹಾಕ್ಕೊಂಡು ಯಾರಾದ್ರೂ ಏನಾದ್ರೂ ಮಾಡ್ಕೊಂಡ್ರೆ ಯಾರು ಜವಾಬ್ದಾರಿ? ರೂಲ್ಸು."

"ಮತ್ತೆ ರಾತ್ರಿ?"

"ವಾಚ್‌ಮನ್ ಭೀಮೇಶ್ ಇರ್ತಾರೆ. ರಾತ್ರಿ ಮೂರು ಸಲ ಬಂದು ಎಣಿಸಿ ಬರಕೊಂಡು ಹೋಗ್ತಾರೆ. ಹೆದರಬೇಡಿ."

ಆ ಭೀಮೇಶ ಒಳ್ಳೆಯವನೋ ಕೆಟ್ಟವನೋ ಬೊಮ್ಮಕ್ಕನಿಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಆಸೆಯೂ ಅವಳಿಗಿರಲಿಲ್ಲ. ಮೊದಲ ರಾತ್ರಿ ಅವನು ಟಾರ್ಚು ಹಿಡಿದು ಒಳಗೆ ಬಂದ. ಮಂಚದ ಮೂಲೆಯಲ್ಲಿ ಮುದುರಿ ಕೂತಿದ್ದವಳ ಮುಖಕ್ಕೆ ಬೆಳಕು ಬಿಟ್ಟ. ಎರಡನೇ ಸಲವೂ ಬಂದ. ಮೂರನೇ ಸಲ ಬಂದಾಗ ಅವಳು "ಒಬ್ಬಳನ್ನ ಎಷ್ಟು ಸಲ ಎಣಿಸ್ತೀಯೋ ಭಾಡ್ಕೋವ್?" ಎಂದು ಚೊಂಬು ಬೀಸಿದಳು. ಚೊಂಬು ಗೋಡೆಗೆ ಬಡಿದು ಹೊಸ ಬಣ್ಣ ಕಿತ್ತುಬಂತು. ಬೆಳಿಗ್ಗೆ ಗಂಗೋತ್ರಿ ರಿಜಿಸ್ಟರಿನಲ್ಲಿ "ಹಿಂಸಾತ್ಮಕ ವರ್ತನೆ" ಎಂದು ಬರೆದುಕೊಂಡಳು. ಅಂದು ರಾತ್ರಿ ಬೊಮ್ಮಕ್ಕ ಮಂಚವನ್ನೇ ಬಾಗಿಲಿಗೆ ಅಡ್ಡ ಎಳೆದಳು. ಹಗುರ ಮಂಚ, ಭೀಮೇಶ ಒಂದು ಕೈಯಲ್ಲಿ ತಳ್ಳಿಕೊಂಡು ಬಂದ. ಬಸ್ ನಿಲ್ದಾಣದಲ್ಲಾದರೂ ಅವಳಿಗೆ ಅರೆಗಣ್ಣಿನ ನಿದ್ದೆ ಸಿಗುತ್ತಿತ್ತು. ಇಲ್ಲಿ ಅದೂ ಇಲ್ಲ.

ಗುರುವಾರ ಸಂಜೆ ಕಲ್ಲೇಶ ಬೈಕಿನಿಂದ ಬಿದ್ದು ಬಲಗೈ ಮುರಿದುಕೊಂಡ.

ಮಂಡಿಯ ಮುಂದೆ ಸುರಿದ ಅಡಿಕೆ ಸಿಪ್ಪೆಯ ಮೇಲೆ ಚಕ್ರ ಜಾರಿದರೆ ಯಾರಾದರೂ ಬೀಳುತ್ತಾರೆ. ಆದರೆ "ನಿನ್ನ ಕೈ ಮುರೀಲಿ" ಎಂದು ಬೊಮ್ಮಕ್ಕ ಕೂಗಿದ್ದನ್ನು ಅರ್ಧ ಊರು ಕಿವಿಯಾರೆ ಕೇಳಿತ್ತು, ಉಳಿದರ್ಧ ಊರು ಅವನದೇ ಮೊಬೈಲ್ ವಿಡಿಯೋದಲ್ಲಿ ನೋಡಿತ್ತು. ಶುಕ್ರವಾರ ಹೊತ್ತು ಏರುವುದರೊಳಗೆ ಸರ್ವಮಂಗಳಮ್ಮ ಕೇಂದ್ರಕ್ಕೆ ಬಂದರು. ರೇಷ್ಮೆ ಸೀರೆ, ಬರಿಗಾಲು. ಹರಿವಾಣದಲ್ಲಿ ತೆಂಗಿನಕಾಯಿ, ಕುಪ್ಪಸದ ಖಣ, ಅರಿಶಿನ ಕುಂಕುಮ. ಬಾಗಿಲಲ್ಲೇ ಮೊಣಕಾಲೂರಿ ಬೋಳುತಲೆಯ ಬೊಮ್ಮಕ್ಕನ ಕಾಲು ಹಿಡಿದರು.

"ತಾಯೀ, ಹುಡುಗ ತಿಳೀದೆ ಮಾಡಿದಾನೆ. ಒಬ್ನೇ ಮಗ. ಕೈಗೇ ನಿಲ್ಲಿಸ್ಬಿಡಿ ತಾಯೀ, ಮುಂದಕ್ಕೆ ಹೋಗಬ್ಯಾಡಿ."

ಬೊಮ್ಮಕ್ಕ ಹೊಸ್ತಿಲ ಒಳಗೇ ಕೂತಳು. ಅತ್ತು ಅತ್ತು ಆ ಹೆಂಗಸಿನ ಕಣ್ಣು ಊದಿದ್ದವು. ಸರ್ವಮಂಗಳಮ್ಮ ಅವಳ ಸೆರಗು ಬಿಡಿಸಿ ಉಡಿ ತುಂಬಿದರು: ಕಾಯಿ, ಖಣ, ಅಕ್ಕಿ, ಬೆಲ್ಲ. ಆಮೇಲೆ ಕಣ್ಣೊರೆಸಿಕೊಂಡು, ಬಂದ ಕೆಲಸದ ಮಾತು ತೆಗೆದರು. "ಹೊರಗೆ ಜೀಪು ನಿಂತೈತೆ ತಾಯಿ. ಹೊನ್ನಾಳಿ ದಾಟಿಸಿ, ನದಿ ದಂಡೇಲಿ ಅಮ್ಮನ ಗುಡಿ ಐತೆ, ಅಲ್ಲಿಗೆ ಬಿಟ್ಟು ಬರ್ತಾರೆ. ಈ ಊರಾಗೆ ನೀವು ಇರಬಾರ್ದು. ನಿಮ್ಮ ಸಿಟ್ಟು ಇಲ್ಲಿ ಇರಬಾರ್ದು. ಈಗ್ಲೇ ಏಳಿ."

ಹೊನ್ನಾಳಿ ಆಚೆಯ ನದಿ ದಂಡೆ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಗಂಡಸರು, ತಲೆಯಲ್ಲಿ ಜಡೆಯೂ ಇಲ್ಲ.

"ಅಮ್ಮೋರೆ, ನಾ ಎಲ್ಲಿಗೂ ಹೋಗಲ್ಲ. ನಿಮ್ಮ ಮಗಂಗೆ ಏನೂ ಆಗಲ್ಲ, ಮನಿಗೆ ಹೋಗಿ" ಎಂದಳು. "ಅದ್ರಾಗೆ ದೇವ್ರು ಇರ್ಲಿಲ್ಲ."

"ಹಂಗನ್ನಬ್ಯಾಡಿ ತಾಯಿ…"

"ಇರ್ಲಿಲ್ಲ ಅಂದ್ರೆ ಇರ್ಲಿಲ್ಲ! ಹುಣಸೆ ಬೀಜದ ಅಂಟು. ಕಂಬಳಿ ನೂಲಿಗೆ ಹಚ್ತಾರಲ್ಲ, ಅದು. ನಾನೇ ಬೇಯ್ಸಿ ನಾನೇ ಹಚ್ಕೊಂಡೆ."

ಸರ್ವಮಂಗಳಮ್ಮ ಅವಳ ಕಾಲಿನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದುಕೊಂಡರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಕೆಂಪೇರಿತು.

"ಎಂಟು ವರ್ಷ" ಎಂದರು. "ಮಂಗಳವಾರ, ಶುಕ್ರವಾರ ನಿಂಗೆ ಬಡಿಸಿದ ಮ್ಯಾಲೆ ನಾನು ಉಂಡಿದೀನಿ. ಜ್ವರ ಬಂದಾಗ್ಲೂ ತಂದಿದೀನಿ. ನಿನ್ನ ಕಾಲು ತೊಳೆದ ನೀರು ಕಣ್ಣಿಗೆ ಹಚ್ಕೊಂಡಿದೀನಿ! ಯಾಕೆ ಹಿಂಗೆ ಮಾಡ್ದೆ? ಏನೇ ನಿಂಗೆ ಬಂದಿತ್ತು?"

"ನಿಮ್ಮ ಮನಿಗೆ ಬಾಗ್ಲು ಐತೆ, ಅಮ್ಮೋರೆ."

ಅದು ಅವರ ಕಿವಿಗೆ ಬಿತ್ತೋ ಇಲ್ಲವೋ. ಸರ್ವಮಂಗಳಮ್ಮ ಬಗ್ಗಿ ಅವಳ ಉಡಿಯಿಂದ ತೆಂಗಿನಕಾಯಿ ಎತ್ತಿಕೊಂಡರು. ಖಣ ಎತ್ತಿಕೊಂಡರು. ಅಕ್ಕಿಯನ್ನು ಬೊಗಸೆಯಲ್ಲಿ ಬಾಚಿ ಹರಿವಾಣಕ್ಕೆ ಹಾಕಿಕೊಂಡರು. ಅವಳ ಸೀರೆಯ ನಿರಿಗೆಯಲ್ಲಿ ಸಿಕ್ಕ ಕಾಳನ್ನೂ ಬಿಡಲಿಲ್ಲ. "ಕಳ್ಳಿ! ನಮ್ಮ ಮಂಡಿ ಮೆಟ್ಲು ಹತ್ತಿದ್ಯೋ, ಕಾಲು ಮುರಿಸ್ತೀನಿ" ಎಂದು ಹೇಳಿ ಬರಿಗಾಲಲ್ಲೇ ಬಿರಬಿರನೆ ನಡೆದರು. ಕೆಲಸ ಅಲ್ಲಿಗೆ ಹೋಯಿತು. ಸಂಜೆಯೊಳಗೆ ಬಸ್ ನಿಲ್ದಾಣದ ಚಹಾದ ಅಂಗಡಿಯವರೆಗೂ ಸುದ್ದಿ ಹರಡಿತು. ನೀರು ಹಿಡಿಯಲು ಹೊರಗೆ ಬಂದ ಬೊಮ್ಮಕ್ಕನನ್ನು ನೋಡಿ ಕಾಂಪೌಂಡಿನ ಆಚೆ ನಿಂತ ಇಬ್ಬರು ಹರೆಯದವರು "ಏ ಹುಣಸೆಹಣ್ಣು!" ಎಂದು ಸೀಟಿ ಹೊಡೆದರು. ಅವಳು ಕೊಡ ಅರ್ಧ ತುಂಬುವಷ್ಟರಲ್ಲೇ ಒಳಗೆ ಬಂದುಬಿಟ್ಟಳು.

ಶನಿವಾರ ಕಲ್ಲೇಶನೇ ಬಂದ. ಕೈಗೆ ಬಿಳಿ ಪಟ್ಟಿ, ಕುತ್ತಿಗೆಗೆ ಜೋಳಿಗೆಯಂತೆ ಬಟ್ಟೆ. ಆದರೆ ಮುಖದಲ್ಲಿ ನೋವಿಗಿಂತ ಸಂತೋಷವೇ ಹೆಚ್ಚಿತ್ತು.

"ಬೊಮ್ಮಕ್ಕ, ನಿಂಗೋಸ್ಕರ ನಮ್ಮವ್ವನ ಹತ್ರ ಜಗಳ ಆಡಿ ಬಂದಿದೀನಿ. ಕೆಲ್ಸದ ವಿಷ್ಯ ಬಿಡು, ಇನ್ನೊಂದು ಮಂಡೀಲಿ ಕೊಡಿಸ್ತೀನಿ. ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು? ನಾನೂ ಅದನ್ನೇ ತಾನೇ ಹೇಳ್ತಿದ್ದಿದ್ದು, ಅದ್ರಾಗೆ ದೇವ್ರಿಲ್ಲ ಅಂತ!"

"ನೀನು ಕತ್ತರಿ ಹಿಡ್ಕೊಂಡು ಬಂದಿದ್ದೆ ಕಣಪ್ಪ. ಕೇಳಾಕೆ ಬಂದಿರ್ಲಿಲ್ಲ."

ಕಲ್ಲೇಶ ಎಡಗೈಯನ್ನು ಜೇಬಿಗೆ ಹಾಕಿದ. ಕೆಟ್ಟವನಲ್ಲ ಅವನು. ಹುಣ್ಣಿನ ಮುಲಾಮು ಮುಗಿದಿದೆಯೇನೋ ಎಂದು ಹೊಸ ಟ್ಯೂಬು ತಂದಿದ್ದ, ಅದನ್ನು ಕಿಟಕಿಯ ಮೇಲಿಟ್ಟ. "ಸೋಮವಾರ ಸ್ಟೇಜ್ ಮ್ಯಾಲೆ ಎರಡೇ ಮಾತು ಹೇಳು. ನಾನೇ ಅಂಟು ಹಚ್ಕೊಂಡಿದ್ದೆ, ಜಡೇಲಿ ದೇವ್ರಿಲ್ಲ, ಯಾರೂ ನಂಬಬೇಡಿ ಅಂತ. ಎಷ್ಟು ಜನ ಹೆಣ್ಮಕ್ಕಳಿಗೆ ಒಳ್ಳೇದಾಗ್ತದೆ ಗೊತ್ತಾ? ಜಡೇನೂ ಮೇಜಿನ ಮ್ಯಾಲೆ ಇಡ್ತೀವಿ, ಕತ್ತರೀನೂ ಇಡ್ತೀವಿ."

"ಹೇಳ್ತೀನಿ. ಆ ಬಾಗ್ಲಿಗೆ ಒಳಗಿಂದ ಚಿಲಕ ಹಾಕಿಸು."

"ಮತ್ತೆ ಅದೇ! ಬೆಂಕಿ ಬಿದ್ರೆ? ನಿಂಗೇನಾದ್ರೂ ಆದ್ರೆ? ಕೇಂದ್ರ ಮುಚ್ಚಿಸಿಬಿಡ್ತಾರೆ, ಆ ನಾಕು ಜನಾನೂ ಬೀದಿಗೆ ಬೀಳ್ತಾರೆ."

"ಹಂಗಾದ್ರೆ ಭೀಮೇಶಿ ಬದ್ಲು ಒಬ್ಬ ಹೆಂಗಸಿನ್ನ ಕಾವಲಿಗೆ ಇಡು."

"ಇಡೋಣ, ಕೇಳ್ತೀನಿ. ಮೊದ್ಲು ಫಂಕ್ಷನ್ ಮುಗೀಲಿ. ಆಮೇಲೆ ಚಿಲಕಾನೂ ನೋಡೋಣ. ನನ್ನ ಮ್ಯಾಲೆ ನಂಬಿಕೆ ಇಲ್ವಾ?"

"ಇಲ್ಲ" ಎಂದಳು ಬೊಮ್ಮಕ್ಕ.

ಅವನು ಅದನ್ನು ತಮಾಷೆಯೆಂದು ತಿಳಿದು ನಕ್ಕ. ಅವಳ ಮನಸ್ಸಿನಲ್ಲಿ ಸೋಮವಾರದ ಮೈಕು ಆಗಲೇ ಕೂಗುತ್ತಿತ್ತು. ಇವಳ ಮೈಮೇಲೆ ಯಾರೂ ಇಲ್ಲ, ಬರೀ ಹೆಂಗಸು ಎಂದು ಊರ ಗಂಡಸರಿಗೆಲ್ಲ ಮೈಕಿನಲ್ಲಿ ಅವಳೇ ಹೇಳಬೇಕು. ಹೇಳಿ ರಾತ್ರಿ ಇದೇ ಬಾಗಿಲಿನ ಒಳಗೆ ಮಲಗಬೇಕು. ಇದನ್ನು ಯಾರಿಗೆ ಬಿಡಿಸಿ ಹೇಳುವುದು? ಮೂರು ರಾತ್ರಿ ಕಣ್ಣು ಮುಚ್ಚದ ತಲೆ ಧಿಮ್ಮೆನ್ನುತ್ತಿತ್ತು. ಕೂತಲ್ಲೇ ತೂಗಿ ಬೀಳುತ್ತಿದ್ದಳು, ಬಾಗಿಲು ಕಿರುಗುಟ್ಟಿದರೆ ಬೆಚ್ಚಿ ಏಳುತ್ತಿದ್ದಳು.

ಸೋಮವಾರ ಬೆಳಿಗ್ಗೆ ಶಾಮಿಯಾನ ಎದ್ದಿತು. ಮೊಗಸಾಲೆಯ ಉದ್ದಕ್ಕೂ ಮೇಜು ಜೋಡಿಸಿ, ಕ್ಷೌರದ ಮೊದಲು ಮತ್ತು ಆಮೇಲೆ ತೆಗೆದ ಫೋಟೋಗಳನ್ನು ಅಂಟಿಸಿದ್ದರು. ನಡುವೆ ಬಿಳಿ ಬಟ್ಟೆಯ ಮೇಲೆ ಅವಳ ಜಡೆ, ಪಕ್ಕದಲ್ಲಿ ಕುರಿಯ ಕತ್ತರಿ. ಹೆಂಗಸರ ಕೋಣೆಯ ಬಾಗಿಲಿಗೆ ಅಡ್ಡವಾಗಿ ಕೆಂಪು ರಿಬ್ಬನ್ ಕಟ್ಟಿದ್ದರು. ಅತಿಥಿಗಳು ಅದನ್ನು ಕತ್ತರಿಸಿ ಒಳಗೆ ಬರಬೇಕು, ಮಂಚದ ಮೇಲೆ ಕೂತ ಫಲಾನುಭವಿಗೆ ಹಣ್ಣು ಕೊಡಬೇಕು, ಆಮೇಲೆ ಅವಳನ್ನು ಸ್ಟೇಜಿಗೆ ಕರೆದೊಯ್ಯಬೇಕು. ಹಾಗೆಂದು ಗಂಗೋತ್ರಿ ಎರಡು ಸಲ ಹೇಳಿ ಹೋದಳು.

ಕೋಣೆ ಗುಡಿಸಲು ದ್ಯಾಮಮ್ಮ ರಿಬ್ಬನ್ನಿನ ಕೆಳಗೆ ನುಸುಳಿ ಬಂದಳು. ಬುಧವಾರದಿಂದ ಅವಳು ಬೊಮ್ಮಕ್ಕನ ಮುಖ ನೋಡಿರಲಿಲ್ಲ. ಇವತ್ತೂ ನೋಡಲಿಲ್ಲ. ಪೊರಕೆ ಗೋಡೆಗೆ ಒರಗಿಸಿ, ಸೆರಗಿನ ಗಂಟು ಬಿಚ್ಚಿ, ಒಂದು ವಸ್ತುವನ್ನು ಮಂಚದ ಮೇಲಿಟ್ಟಳು. ತುಕ್ಕು ಹಿಡಿದ ಕಬ್ಬಿಣದ ಚಿಲಕ, ನಾಲ್ಕು ಸ್ಕ್ರೂ.

"ಗುಜರಿ ರಾಶೀಲಿ ಸಿಕ್ತು. ಈ ಬಾಗ್ಲಿಂದೇ ಇರಬೇಕು" ಎಂದಳು.

ಬೊಮ್ಮಕ್ಕ ಅದನ್ನು ಮುಟ್ಟಲಿಲ್ಲ. "ನಿಂಗೂ ಗೊತ್ತಾಗಿರಬೇಕಲ್ಲ. ನನ್ನ ತಲೇಲಿ ದೇವ್ರು ಗೀವ್ರು ಏನೂ ಇರ್ಲಿಲ್ಲ. ನೀನು ಸುಮ್ನೆ ಕೆನ್ನೆ ಬಡ್ಕೊಂಡೆ."

"ಗೊತ್ತಾತು. ಸಿಟ್ಟೂ ಬಂತು" ಎಂದಳು ದ್ಯಾಮಮ್ಮ. ಬಗ್ಗಿ ಒಂದೆರಡು ಸಲ ಕಸ ಎಳೆದಳು. ಕಸ ಇರಲೇ ಇಲ್ಲ. "ದೇವ್ರು ಇಲ್ಲಾಂದ್ರೆ ಇಲ್ಲ ಬಿಡಕ್ಕ. ರಾತ್ರಿ ಅಂತೂ ಐತಲ್ಲ."

ಅಷ್ಟು ಹೇಳಿ ಪೊರಕೆ ಎತ್ತಿಕೊಂಡು ಹೊರಟುಹೋದಳು.

ಬೊಮ್ಮಕ್ಕ ಎದ್ದಳು. ಶಾಮಿಯಾನದಲ್ಲಿ ಮೈಕಿನವನು ಹಲೋ ಹಲೋ ಎನ್ನುತ್ತಿದ್ದ, ಎಲ್ಲರೂ ಹೂವಿನ ಹಾರ ಬರಲಿಲ್ಲವೆಂದು ಗೇಟಿನ ಕಡೆ ಓಡಿದ್ದರು. ಮೊಗಸಾಲೆಗೆ ಬಂದು ಕತ್ತರಿ ಎತ್ತಿಕೊಂಡು ಹೋದಳು. ಅದರ ಮೊನೆ ಸ್ಕ್ರೂವಿನ ಗೀರಿಗೆ ಸರಿಯಾಗಿ ಕೂತಿತು. ಆದರೆ ಚಿಲಕ ಕಿತ್ತವನು ಮೀಟಿ ಕಿತ್ತಿದ್ದ. ಬಾಗಿಲಿನ ತೂತುಗಳು ದೊಡ್ಡದಾಗಿದ್ದವು. ಎಷ್ಟು ತಿರುವಿದರೂ ಸ್ಕ್ರೂ ಸುಮ್ಮನೆ ಸುತ್ತಿ, ಕೈ ಬಿಟ್ಟರೆ ಕೆಳಗೆ ಬೀಳುತ್ತಿತ್ತು. ಒಂದು ಬೆಂಕಿಕಡ್ಡಿ ಇಲ್ಲ, ಒಂದು ಚೂರು ಚಿಂದಿ ಇಲ್ಲ. ಅಷ್ಟು ಚೊಕ್ಕಟ ಗುಡಿಸಿದ್ದರು ಇವರ ಕೋಣೆಯನ್ನು! ಅವಳಿಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು.

ಮತ್ತೆ ಹೊರಗೆ ಹೋದಳು. ಬಿಳಿ ಬಟ್ಟೆಯ ಮೇಲಿನ ಜಡೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದಳು. ಕತ್ತರಿಯಿಂದ ತುದಿ ಬಿಡಿಸಿ, ನಾಲ್ಕು ಎಳೆ ತುಂಡು ಮಾಡಿದಳು. ಅಂಟು ಕುಡಿದ ಕೂದಲು, ಕಡ್ಡಿಯಂತೆ ಗಟ್ಟಿ. ಎಂಜಲು ಹಚ್ಚಿ, ಹೊಸೆದು, ಒಂದೊಂದು ತೂತಿಗೂ ತುರುಕಿದಳು. ಮೇಲೆ ಸ್ಕ್ರೂ ಇಟ್ಟು ತಿರುವಿದಳು. ಈ ಸಲ ಅದು ಕಚ್ಚಿಕೊಂಡಿತು. ಮಣಿಕಟ್ಟು ನೋಯುವವರೆಗೆ ತಿರುವಿದಳು. ನಾಲ್ಕನೆಯದು ಬಿಗಿಯುವ ಹೊತ್ತಿಗೆ ಹೊರಗೆ ಪಟಾಕಿ ಹಚ್ಚಿದರು. ಅತಿಥಿಗಳ ಕಾರು ಬಂದಿತ್ತು. ಅವಳು ಬಾಗಿಲು ಮುಚ್ಚಿ ಚಿಲಕ ಎಳೆದಳು. ತುಕ್ಕಿಗೆ ಅರ್ಧದಲ್ಲೇ ನಿಂತಿತು. ಎರಡು ಸಲ ಗುದ್ದಿದ ಮೇಲೆ ಬಳೆಯೊಳಗೆ ಹೋಗಿ ಕೂತಿತು.

ಜನರ ಸದ್ದು ಮೊಗಸಾಲೆಗೆ ಬಂತು. ರಿಬ್ಬನ್ ಕತ್ತರಿಸಿದ ಚಪ್ಪಾಳೆ. ಆಮೇಲೆ ಬಾಗಿಲು ತಳ್ಳಿದ ಸದ್ದು.

"ಬೊಮ್ಮಕ್ಕ, ಬಾಗ್ಲು ಸಿಕ್ಕಾಕ್ಕೊಂಡಿದೆ, ಒಳಗಿಂದ ಎಳಿ" ಎಂದಳು ಗಂಗೋತ್ರಿ.

"ಒಳಗೇನೋ ಇಟ್ಟವಳೆ" ಎಂದ ಭೀಮೇಶ.

"ಮೇಜಿನ ಮೇಲಿನ ಜಡೆ ಎಲ್ಲಿ?" ಎಂದು ಯಾರೋ ಕೇಳಿದರು.

ಕಲ್ಲೇಶನ ದನಿ ಬಾಗಿಲ ಸಂದಿಯ ಹತ್ತಿರ ಬಂತು, ಮೆತ್ತಗೆ, ಹಲ್ಲು ಕಚ್ಚಿ. "ಬೊಮ್ಮಕ್ಕ, ಮರ್ಯಾದೆ ಕಳೀಬ್ಯಾಡ. ಗೆಸ್ಟು ಕಾಯ್ತಾ ಅದಾರೆ. ಎರಡು ನಿಮಿಷ ಬಂದು ಹೋಗು. ನಿಂಗೇನು ಕಮ್ಮಿ ಮಾಡಿದೀವಿ ನಾವು?"

ಸಂಜೆಗೆ ಅವಳನ್ನು ಹೊರಗೆ ಹಾಕಿದರೂ ಹಾಕಿಯಾರು. ಹಾಕಲಿ, ಸಂಜೆಗಿನ್ನೂ ಬೇಕಾದಷ್ಟು ಹೊತ್ತಿದೆ. ಉಳಿದ ಜಡೆಯನ್ನು ಸುರುಳಿ ಸುತ್ತಿ ಮಂಚದ ತಲೆಯ ಕಡೆ ಇಟ್ಟಳು.

"ಒಡೀಲಾ ಸಾರ್?" ಭೀಮೇಶ ಕೇಳಿದ. ಹೆಗಲು ಕೊಟ್ಟು ಗುದ್ದಿದ. ಬಾಗಿಲು ಅದುರಿತು, ಚೌಕಟ್ಟಿನಿಂದ ಸುಣ್ಣ ಉದುರಿತು. ಬೊಮ್ಮಕ್ಕ ಮಂಚದ ಮೇಲೆ ಕೂತು ನಾಲ್ಕು ಸ್ಕ್ರೂಗಳನ್ನೇ ನೋಡುತ್ತಿದ್ದಳು. ಇನ್ನೊಂದು ಗುದ್ದು. ಮತ್ತೊಂದು. ಒಂದೂ ಅಲುಗಲಿಲ್ಲ.

ಹೊರಗೆ ಯಾರೋ ಬೈಯುತ್ತಿದ್ದರು, ಯಾರೋ ಬಡಗಿಗೆ ಫೋನು ಮಾಡಿ ಎನ್ನುತ್ತಿದ್ದರು, ಶಾಮಿಯಾನದ ಮೈಕಿನವನು ಹಾಡು ಹಚ್ಚಿದ. ಅವಳು ಹೊದಿಕೆ ಎಳೆದುಕೊಂಡು ಮಲಗಿದಳು. ಮೊದಲು ಅಭ್ಯಾಸದಂತೆ ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಹಾಕಿದಳು. ಸ್ವಲ್ಪ ಹೊತ್ತು ಹಾಗೇ ಇದ್ದಳು. ಬಾಗಿಲು ಬಡಿಯುವುದು ನಡೆದೇ ಇತ್ತು. ಆಮೇಲೆ ಗೋಡೆಯ ಕಡೆ ಹೊರಳಿ, ಬಾಗಿಲಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿದಳು.